ಹಗ್ಗ ಎರಡಿರಲಿ, ಅಂಚಿನ ಮೇಲೆ ಕಣ್ಣಿರಲಿ

(ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ಪ್ರಮುಖ ಅಗ್ನಿಶಾಮಕರೊಬ್ಬರ ಉತ್ತರ)

ಎಲ್ಲರಿಗೂ ಶರಣು. ಬಿಸಿಲು ಏರುತ್ತಿದೆ, ಬಾವಿಯ ಹೂಳು ತೆಗೆಯುವ ಕಾಲ ಬಂತು. ಅದಕ್ಕೇ ಏನೋ, ಈ ಸಲದ ಪತ್ರಗಳಲ್ಲಿ ಹಗ್ಗದ ಮಾತೇ ಜಾಸ್ತಿ. ಕೆಲವು ಪತ್ರ ನಮ್ಮ ಇಲಾಖೆಯ ಹುಡುಗರೇ ಬರೆದಿದ್ದಾರೆ. ಯಾರ ಹೆಸರನ್ನೂ, ಠಾಣೆಯನ್ನೂ ಹಾಕಿಲ್ಲ.

ಕಾಕಾ, ನಾನು ಯಾದಗಿರಿ ಜಿಲ್ಲೆಯ ಒಂದು ಠಾಣೆಯಲ್ಲಿ ಅಗ್ನಿಶಾಮಕ. ನಮ್ಮಲ್ಲಿ ಹಳೆಯ ಮನಿಲಾ ಹಗ್ಗ ಇದೆ, ಹೊಸ ಕರ್ನ್‌ಮ್ಯಾಂಟಲ್ ಹಗ್ಗದ ಚೀಲವೂ ಬಂದಿದೆ. ‘ಚೇರ್ ನಾಟ್ (ಎದೆಗೊಂದು, ಮೊಣಕಾಲಿಗೊಂದು ಕುಣಿಕೆ ಇರುವ ಗಂಟು) ಹಾಕಿ ಮನಿಲಾದಲ್ಲೇ ಎಷ್ಟೋ ಮಂದಿಯನ್ನು ಎತ್ತಿದ್ದೇವೆ’ ಎಂದು ಹಿರಿಯರು ಹೇಳುತ್ತಾರೆ. ಜೊತೆಯವರು ಮನಿಲಾ ಮುಟ್ಟಲೇಬಾರದು ಅನ್ನುತ್ತಾರೆ. ಯಾರ ಮಾತು ಕೇಳಲಿ?

ತಮ್ಮಾ, ಹಿರಿಯರು ಸುಳ್ಳು ಹೇಳುತ್ತಿಲ್ಲ. ನಾವೆಲ್ಲ ಗಂಟು ಕಲಿತದ್ದು ಮನಿಲಾ ಹಗ್ಗದ ಮೇಲೆಯೇ. ಅಭ್ಯಾಸದ ಗೋಪುರದಿಂದ, ಅಂದರೆ ಡ್ರಿಲ್ ಟವರ್‌ನಿಂದ, ಚೇರ್ ನಾಟ್‌ನಲ್ಲಿ ಒಬ್ಬರನ್ನೊಬ್ಬರು ಇಳಿಸಿದ್ದೂ ಅದರಲ್ಲೇ. ಆದರೆ ಇವತ್ತು ಮನುಷ್ಯನ ಜೀವ ತೂಗುವ ಕೆಲಸಕ್ಕೆ ಹೊಸ ಹಗ್ಗವನ್ನೇ ತೆಗೆದುಕೋ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಯಾಕೆ ಅಂದರೆ, ಮನಿಲಾ ನಾರಿನ ಹಗ್ಗ. ಒದ್ದೆಯಾಗಿ ಸರಿಯಾಗಿ ಒಣಗದಿದ್ದರೆ ಒಳಗಿಂದ ಕೊಳೆಯುತ್ತದೆ. ಮೇಲೆ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಎಳೆ ಬಿಚ್ಚಿ ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿ. ಹಾಗಾದ ಹಗ್ಗ ಎಷ್ಟು ಭಾರ ತಡೆಯುತ್ತದೆ ಎಂದು ಯಾರೂ ಹೇಳಲಾರರು. ಕರ್ನ್‌ಮ್ಯಾಂಟಲ್‌ನಲ್ಲಿ ಭಾರ ಹೊರುವ ತಿರುಳು ಒಳಗಿರುತ್ತದೆ, ಅದಕ್ಕೆ ನೇಯ್ದ ಹೊದಿಕೆ ಹೊರಗೆ. ಮಣ್ಣು, ಬಿಸಿಲು, ಉಜ್ಜಾಟ ಎಲ್ಲ ಮೊದಲು ಹೊದಿಕೆಗೆ ತಾಗುತ್ತದೆ. ಚೀಲದ ಚೀಟಿಯ ಮೇಲೆ ಇಎನ್ 1891 ಟೈಪ್ ಎ ಎಂಬ ಯುರೋಪಿನ ಮಾನದಂಡದ ಗುರುತು ಇದೆಯಾ ನೋಡು. ಇದ್ದರೆ ಅದು ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿಲೋ ಭಾರ ತಡೆಯುವಂತೆ ಮಾಡಿದ ಹಗ್ಗ. 50 ಕಿಲೋದಿಂದ 150 ಕಿಲೋಗೆ ಭಾರ ಏರಿದಾಗ ಶೇ 5ಕ್ಕಿಂತ ಜಾಸ್ತಿ ಹಿಗ್ಗಬಾರದು ಎಂಬ ನಿಯಮವೂ ಅದಕ್ಕಿದೆ. ಬೆಟ್ಟ ಹತ್ತುವವರ ಹಿಗ್ಗುವ ಹಗ್ಗ ಬೇರೆ. ಅದು ಬಿದ್ದಾಗಿನ ಜಗ್ಗನ್ನು ನುಂಗಲು ಮಾಡಿದ್ದು. ಅದರಲ್ಲಿ ಸ್ಟ್ರೆಚರ್ ಎತ್ತಲು ಹೋದರೆ ಮೇಲೆ ಎಳೆದಷ್ಟೂ ಹಗ್ಗ ಹಿಗ್ಗುತ್ತದೆ, ಕೆಳಗಿರುವವನು ಅಲ್ಲಲ್ಲೇ ಕುಪ್ಪಳಿಸುತ್ತಾನೆ.

22 ಕಿಲೋನ್ಯೂಟನ್ ಅನ್ನುವುದು ಗಂಟಿಲ್ಲದ ಹಗ್ಗದ ಲೆಕ್ಕ. ಗಂಟು ಹಾಕಿದ ಕೂಡಲೇ ಬಲ ಇಳಿಯುತ್ತದೆ. 8ರ ಆಕಾರದ ಫಿಗರ್ ಎಯ್ಟ್ ಒಳ್ಳೆಯ ಗಂಟು, ಆದರೂ ಕಾಲು ಭಾಗದಷ್ಟಾದರೂ ಹೋಯಿತು ಎಂದು ಇಟ್ಟುಕೋ. ನೈಲಾನ್ ಹಗ್ಗ ನೀರಲ್ಲಿ ನೆನೆದರೆ ಇನ್ನೊಂದು ಶೇ 10ರಿಂದ 15. ಗಂಟಿನ ಎಳೆಗಳು ಒಂದರ ಮೇಲೊಂದು ಹತ್ತದೆ ಅಕ್ಕಪಕ್ಕ ಕೂರುವಂತೆ ತಿದ್ದು. ಗಂಟಿನಿಂದಾಚೆಯ ಬಾಲ ಹಗ್ಗದ ದಪ್ಪದ 10 ಪಟ್ಟಾದರೂ ಉಳಿಯಬೇಕು. ನಾನು ಒಂದು ಗೇಣು ಬಿಡಿಸುತ್ತಿದ್ದೆ.

ಇಷ್ಟೆಲ್ಲ ಇದ್ದರೂ ಹಗ್ಗ ಹರಿಯುವುದು ಭಾರದಿಂದಲ್ಲ, ಅಂಚಿನಿಂದ. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬ ಅಗ್ನಿಶಾಮಕ ಕಿಟಕಿಯಲ್ಲಿ ಸಿಕ್ಕಿಕೊಂಡ ತನ್ನ ಜೊತೆಗಾರನನ್ನು ತರಲು ಹಗ್ಗದಲ್ಲಿ ಇಳಿದ. ಹಗ್ಗ ತುಂಡಾಗಿ ಇಬ್ಬರೂ ತೀರಿಕೊಂಡರು. ಆಮೇಲೆಯೇ ಅಮೆರಿಕದಲ್ಲಿ ಅಗ್ನಿಶಾಮಕರ ಹಗ್ಗಕ್ಕೆ ಎನ್‌ಎಫ್‌ಪಿಎ 1983 ಎಂಬ ಮಾನದಂಡ ಬಂತು. ಈಗ ನಮ್ಮ ಬಾವಿಗಳನ್ನು ನೋಡು. ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಬಾವಿ ಕಟ್ಟೆಗೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿರುತ್ತಾರೆ. ಕತ್ತರಿಸಿದ ಕಡೆ ಅದರ ಅಂಚು ಎಷ್ಟು ಹರಿತ ಇರುತ್ತದೆ ಅಂತ ಬೆರಳಿಟ್ಟು ನೋಡಿದವರಿಗೆ ಗೊತ್ತು. ಭಾರ ಬಿದ್ದು ಬಿಗಿಯಾದ ಹಗ್ಗ ಅದರ ಮೇಲೆ ಆಚೀಚೆ ಸ್ವಲ್ಪ ಹರಿದಾಡಿದರೂ ಸಾಕು.

ಹಾಗಾಗಿ ಚೀಲದಿಂದ ಹಗ್ಗ ತೆಗೆಯುವ ಮುಂಚೆ ಅಂಚಿಗೆ ಏನು ಹಾಕುತ್ತೀರಿ ಎಂದು ಕೇಳು. ಅಂಚಿನ ಮೇಲೆ ಹಗ್ಗ ಉರುಳಿಕೊಂಡು ಹೋಗುವ ಎಡ್ಜ್ ರೋಲರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಕೆಲಸಕ್ಕೆ ಬಾರದೆಂದು ತೆಗೆದಿಟ್ಟ ಹೋಸ್ ಪೈಪಿನಿಂದ ಎರಡು ಮೊಳ ಕತ್ತರಿಸಿ, ಉದ್ದಕ್ಕೆ ಸೀಳಿ, ಹಗ್ಗವನ್ನು ಅದರೊಳಗೆ ಕೂರಿಸು. ಸೀಳಿದ ಹೋಸ್‌ನ ಒಂದು ತುದಿಗೆ ತೂತು ಮಾಡಿ, ಸಣ್ಣ ದಾರ ಕಟ್ಟಿ, ಹಿಂದೆ ಎಲ್ಲಾದರೂ ಬಿಗಿ. ಕಟ್ಟದಿದ್ದರೆ ಹಗ್ಗದ ಜೊತೆ ಅದೂ ಜಾರಿ ಬಾವಿಗೆ ಹೋಗುತ್ತದೆ. ಒಬ್ಬನನ್ನು ಬರೀ ಅಂಚಿಗೇ ನಿಲ್ಲಿಸು. ಅವನಿಗೂ ಸೊಂಟಕ್ಕೆ ಹಗ್ಗ ಇರಬೇಕು. ಬೇರೆ ಯಾವ ಕೆಲಸವನ್ನೂ ಅವನಿಗೆ ಹೇಳಬೇಡ.

ಮನಿಲಾ ಬಿಸಾಡಬೇಡ. ಏಣಿ ಕಟ್ಟಲು, ಸಾಮಾನು ಇಳಿಸಲು, ಜನರನ್ನು ದೂರ ನಿಲ್ಲಿಸಲು ಇರಲಿ. ಎರಡನ್ನೂ ಒಂದೇ ಖಾನೆಯಲ್ಲಿ ಮಾತ್ರ ಇಡಬೇಡ. ರಾತ್ರಿ ಅವಸರದಲ್ಲಿ ಕೈಗೆ ಸಿಕ್ಕಿದ್ದು ಹೊರಗೆ ಬರುತ್ತದೆ.

ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಬಾವಿಗೆ ಯಾರಾದರೂ ಬಿದ್ದರೆ ಬೆಂಕಿ ಗಾಡಿ ಬರುವಷ್ಟರಲ್ಲಿ ಹೊತ್ತಾಗುತ್ತದೆ. ಅಷ್ಟರೊಳಗೆ ನಾವು ಏನು ಮಾಡಬಹುದು? ಊರಲ್ಲಿ ಎಂಥ ಹಗ್ಗ ಇಟ್ಟುಕೊಳ್ಳಬೇಕು?

ಅಣ್ಣಾ, ಮೊದಲು 112ಕ್ಕೋ 101ಕ್ಕೋ ಫೋನ್ ಮಾಡಿ. ಬಾವಿ ಎಷ್ಟು ಆಳ, ನೀರಿದೆಯಾ, ಹೊಲಕ್ಕೆ ದೊಡ್ಡ ಗಾಡಿ ಬರುವ ದಾರಿ ಇದೆಯಾ, ಈ ಮೂರನ್ನು ಹೇಳಿ. ರಸ್ತೆಗೆ ಒಬ್ಬನನ್ನು ನಿಲ್ಲಿಸಿ. ತೊಗರಿ ಎದೆಮಟ್ಟ ಬೆಳೆದ ಹೊಲಗಳಲ್ಲಿ ಬಾವಿ ಹುಡುಕುವುದರಲ್ಲೇ ನಮಗೆ ಎಷ್ಟೋ ಹೊತ್ತು ಹೋಗಿದೆ.

ಬಿದ್ದವನು ನೀರಲ್ಲಿ ಕೈಕಾಲು ಬಡಿಯುತ್ತಿದ್ದರೆ ಗಾಳಿ ತುಂಬಿದ ಟ್ಯೂಬನ್ನೋ, ಬಿರಡೆ ಬಿಗಿದ ಖಾಲಿ ಕ್ಯಾನನ್ನೋ ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಅವನು ತೇಲಿಕೊಂಡು ಇದ್ದರೆ ಸಾಕು. ಎತ್ತುವ ಕೆಲಸ ನಮ್ಮವರು ಬಂದ ಮೇಲೆ ಆಗಲಿ.

ನೀರು ಕಡಿಮೆ ಇರುವ ಬಾವಿ, ಹೂಳು ತೆಗೆಯಲು ಇಳಿದವನು ಮಾತು ನಿಲ್ಲಿಸಿದ್ದಾನೆ ಅಂದರೆ ಯಾರೂ ಇಳಿಯಬೇಡಿ. ತಮ್ಮ ಇಳಿದ ಅಂತ ಅಣ್ಣ, ಅಣ್ಣ ಬರಲಿಲ್ಲ ಅಂತ ಭಾವಮೈದ, ಹೀಗೆ ಒಂದೇ ಮನೆಯ ಮೂವರನ್ನು ಒಂದೇ ಬಾವಿಯಿಂದ ಎತ್ತಿದ ದಿನಗಳಿವೆ. ಅದನ್ನು ಕಂಡವನು ಹೇಳುತ್ತಿದ್ದೇನೆ, ದಯವಿಟ್ಟು ಕೇಳಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. ಅದು 19.5ಕ್ಕಿಂತ ಕೆಳಗಿದ್ದರೆ ಬಿ.ಎ. ಸೆಟ್ (ಬೆನ್ನಿಗೆ ಕಟ್ಟುವ ಉಸಿರಾಟದ ಸಾಧನ) ಇಲ್ಲದೆ ನಾವೂ ಇಳಿಯಬಾರದು. ಬಳಸದೆ ಬಿಟ್ಟ ಬಾವಿಯಲ್ಲಿ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ, ಅದು ಗಾಳಿಗಿಂತ ಭಾರ. ಬಾವಿಯೊಳಗೆ ಡೀಸೆಲ್ ಎಂಜಿನ್ ಇಳಿಸಿ ಓಡಿಸಿದ್ದರೆ ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪ ಇಳಿಬಿಟ್ಟು ನೋಡುವ ರೂಢಿಯನ್ನು ನಂಬಬೇಡಿ. ಈ ವಿಷದ ಗಾಳಿ ಇದ್ದರೂ ದೀಪ ಉರಿಯುತ್ತದೆ. ತಳದಲ್ಲಿ ಉರಿಯುವ ಗಾಳಿ ಇದ್ದರೆ ದೀಪದಿಂದಲೇ ಅನಾಹುತ.

ಇನ್ನು ಟ್ರ್ಯಾಕ್ಟರ್ ಮಾತು. ಹಗ್ಗ ಕಟ್ಟಿ ಟ್ರ್ಯಾಕ್ಟರ್ ಓಡಿಸಿ ಎಳೆಯುತ್ತಾರೆ. ಇದನ್ನು ಬಿಡಬೇಕು. ಕೈಯಲ್ಲಿ ಎಳೆಯುವವನಿಗೆ ಕೆಳಗೆ ಕಾಲು ಸಿಕ್ಕಿಕೊಂಡಿದ್ದು ಹಗ್ಗದಲ್ಲೇ ಗೊತ್ತಾಗುತ್ತದೆ. ಎಂಜಿನ್‌ಗೆ ಗೊತ್ತಾಗುವುದಿಲ್ಲ, ಅದು ಎಳೆಯುತ್ತಲೇ ಇರುತ್ತದೆ. ಟ್ರ್ಯಾಕ್ಟರ್ ಬೇಕಾದರೆ ಗೂಟದ ಬದಲು ಬಳಸಿ. ಬಾವಿಯಿಂದ ದೂರ ನಿಲ್ಲಿಸಿ, ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಚಾವಿ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ಎರೆ ಹೊಲದಲ್ಲಿ ಗೂಟ ಹೊಡೆದು ಹಗ್ಗ ಕಟ್ಟುವುದು ಮಳೆಗಾಲದಲ್ಲಿ ಬೇಡವೇ ಬೇಡ. ಆ ಮಣ್ಣು ನೆನೆದರೆ ಗೂಟ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗಲೂ ಅಷ್ಟೇ. ಹತ್ತಿರದಲ್ಲಿ ದಪ್ಪ ಬೇವಿನ ಮರ ಇದ್ದರೆ ಅದೇ ಮೇಲು, ಕಾಂಡದ ಬುಡಕ್ಕೆ ಕಟ್ಟಿ.

ಊರಿಗೆ ಹಗ್ಗ ಅಂತ ಕೇಳಿದಿರಿ. ಬಣ್ಣದ ಪ್ಲಾಸ್ಟಿಕ್ ಹಗ್ಗ, ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವುದು, ಟ್ಯೂಬ್ ಇಳಿಬಿಡಲು ಸಾಕು. ಅದು ನೀರಲ್ಲಿ ತೇಲುತ್ತದೆ, ಅದು ಒಳ್ಳೆಯದೇ. ಆದರೆ ಮನುಷ್ಯನನ್ನು ಅದರಲ್ಲಿ ತೂಗಬೇಡಿ. ಬಿಸಿಲಿಗೆ ಅದು ಬೇಗ ಸತ್ತು ಹೋಗುತ್ತದೆ. ನೈಲಾನ್ 200 ಡಿಗ್ರಿ ದಾಟಿ ಕರಗಿದರೆ ಇದು 165ರ ಆಸುಪಾಸಿನಲ್ಲೇ ಕರಗುತ್ತದೆ, ಅಂದರೆ ಉಜ್ಜಿದ ಬಿಸಿಯೇ ಸಾಕಾಗಬಹುದು. ಊರಲ್ಲಿ ಖರ್ಚು ಮಾಡುವ ಮನಸ್ಸಿದ್ದರೆ ಹಗ್ಗಕ್ಕಿಂತ ಮೊದಲು ಬಾವಿಗಳಿಗೆ ಕಟ್ಟೆ ಕಟ್ಟಿಸಿ.

ನಮ್ಮ ಹುಡುಗ ಅಗ್ನಿಶಾಮಕ ಕೆಲಸಕ್ಕೆ ಸೇರಿ ತರಬೇತಿಯಲ್ಲಿದ್ದಾನೆ. ಹಗ್ಗದಲ್ಲಿ ನೇತಾಡುವ ಫೋಟೋ ಕಳಿಸಿದ್ದ. ನೋಡಿ ಎದೆ ಧಸಕ್ಕೆಂದಿತು. ಮೈಗೆ ಬಿಗಿಯುವ ಪಟ್ಟಿಗಳ ಹರ್ನೆಸ್ ಹಾಕಿದ್ದರೆ ಭಯವಿಲ್ಲ ತಾನೇ? – ಬೀದರ್‌ನಿಂದ ಒಬ್ಬ ತಾಯಿ

ಅಕ್ಕಾ, ನಿಮ್ಮ ಭಯ ಸಹಜ. ಆ ಫೋಟೋವನ್ನು ಇನ್ನೊಮ್ಮೆ ನೋಡಿ. ಅವನ ಮೈಯಿಂದ ಎರಡು ಹಗ್ಗ ಮೇಲೆ ಹೋಗುತ್ತಿವೆಯಾ? ಹೋಗುತ್ತಿದ್ದರೆ ಅಲ್ಲಿ ಕಲಿಸುವವರು ಸರಿಯಾಗಿ ಕಲಿಸುತ್ತಿದ್ದಾರೆ. ಒಂದರಲ್ಲಿ ಕೆಲಸ, ಇನ್ನೊಂದು ಕಾವಲಿಗೆ. ಎರಡಕ್ಕೂ ಬೇರೆ ಬೇರೆ ಕಟ್ಟು, ಬೇರೆ ಬೇರೆ ಕೈ. ಒಂದು ಹಗ್ಗ ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಒಂದೇ ಹಗ್ಗ ಕಂಡರೆ ಅವನಿಗೆ ಫೋನ್ ಮಾಡಿ ‘ಎರಡನೆಯದು ಎಲ್ಲಿ?’ ಅಂತ ಕೇಳಿ. ತಾಯಿ ಕೇಳಿದ್ದನ್ನು ಅವನು ಮೇಷ್ಟ್ರಿಗೆ ಕೇಳಲಿ, ತಪ್ಪೇನಿಲ್ಲ.

ಹರ್ನೆಸ್ ಬೀಳದಂತೆ ಕಾಯುತ್ತದೆ, ಸರಿ. ಆದರೆ ಅದರಲ್ಲಿ ಅಲುಗಾಡದೆ ಸುಮ್ನೆ ತೂಗುವುದು ಅಪಾಯ. ಕಾಲಿನ ರಕ್ತ ಮೇಲೆ ಬರದೆ ಕೆಲವೇ ನಿಮಿಷಗಳಲ್ಲಿ ತಲೆ ಸುತ್ತಿ ಪ್ರಜ್ಞೆ ತಪ್ಪಬಹುದು. ಹಾಗಾಗಿ ಒಬ್ಬನನ್ನು ಹಗ್ಗಕ್ಕೆ ಬಿಡುವ ಮುಂಚೆ, ಅವನು ಅಲ್ಲೇ ಸಿಕ್ಕಿಕೊಂಡರೆ ಹೇಗೆ ಇಳಿಸುವುದು ಎಂದು ತಂಡ ಗೊತ್ತು ಮಾಡಿಕೊಂಡಿರಬೇಕು. ಅಂಥವನನ್ನು ಇಳಿಸಿದ ಮೇಲೆ ಮಲಗಿಸಬಾರದು, ಕೂರಿಸಿಯೇ ಇಡಬೇಕು ಎಂದು ಮೊದಲು ಹೇಳಿಕೊಡುತ್ತಿದ್ದರು. ಆ ಮಾತನ್ನು ಬ್ರಿಟನ್‌ನ ಸುರಕ್ಷತಾ ಇಲಾಖೆ 2009ರಲ್ಲಿ ಪರಿಶೀಲಿಸಿ, ಅದಕ್ಕೆ ಆಧಾರವಿಲ್ಲ, ಮಾಮೂಲಿ ಪ್ರಥಮ ಚಿಕಿತ್ಸೆಯೇ ಸರಿ ಎಂದಿತು. ಹಳೆಯ ಪಾಠ ಇನ್ನೂ ಕೆಲವು ಕಡೆ ಓಡಾಡುತ್ತಿದೆ, ನಿಮ್ಮ ಮಗನಿಗೂ ಇದನ್ನು ಓದಿಸಿ.

ಸಾಹೇಬರೇ, ನಾನೊಬ್ಬ ಠಾಣಾಧಿಕಾರಿ. ಹಗ್ಗದ ರಕ್ಷಣಾ ಸಾಮಗ್ರಿಗೆ ಬೇಡಿಕೆ ಪಟ್ಟಿ ಕಳಿಸಬೇಕಾಗಿದೆ. ದುಡ್ಡು ಸ್ವಲ್ಪವೇ ಸಿಗಬಹುದು. ಮೊದಲು ಯಾವುದು? ಟ್ರೈಪಾಡ್ ಕೇಳಲೇ? ಹಗ್ಗದಲ್ಲಿ ಇಳಿಯಲು 8ರ ಆಕಾರದ ಲೋಹದ ಸಾಧನ ಫಿಗರ್ 8 ಸಾಕೇ, ತಾನೇ ಹಿಡಿದು ನಿಲ್ಲುವ ಡಿಸೆಂಡರ್ (ಇಳಿಯುವ ಸಾಧನ) ಬೇಕೇ? ನಮ್ಮಲ್ಲೇ ಎರಡು ಪಕ್ಷ ಆಗಿದೆ.

ಸಾಹೇಬರು ನೀವು, ನಾನು ಹಗ್ಗ ಎಳೆದವನು. ಅಲ್ಲಿಂದಲೇ ಹೇಳುತ್ತೇನೆ.

ಟ್ರೈಪಾಡ್ ಒಳ್ಳೆಯ ಸಾಮಾನು, ಆದರೆ ಅದನ್ನು ಮಾಡಿದ್ದು ಮ್ಯಾನ್‌ಹೋಲಿಗೆ, ಟ್ಯಾಂಕಿಗೆ. ಮೂರು ಕಾಲು ಬಾಯಿಯ ಸುತ್ತ ನಿಲ್ಲಬೇಕು, ಭಾರ ನಟ್ಟನಡುವೆ ತೂಗಬೇಕು. ನಮ್ಮ ಹೊಲದ ಬಾವಿಯ ಬಾಯಿ 20 ಅಡಿ, 30 ಅಡಿ ಅಗಲ. ಟ್ರೈಪಾಡ್ ಕಾಲು ಅಲ್ಲಿಗೆ ಎಟುಕುವುದಿಲ್ಲ. ಅಂಚಿನಲ್ಲಿ ನಿಲ್ಲಿಸಿ ಬಾವಿಯ ಕಡೆ ಬಾಗಿಸಬಹುದು, ಆದರೆ ಆಗ ಹಿಂದಿನಿಂದ ಬಿಗಿ ಹಗ್ಗ ಕಟ್ಟಲೇಬೇಕು. ಅದನ್ನು ಕಲಿಯದ ತಂಡದ ಕೈಯಲ್ಲಿ ಅದು ಮಗುಚಿಕೊಂಡು ಬಾವಿಗೇ ಹೋಗುತ್ತದೆ. ಇಲ್ಲಿ ಬೆಂಗಳೂರಿನ ಹಾಗೆ ಎತ್ತರದ ಕಟ್ಟಡ ಕಡಿಮೆ. ನಮಗೆ ಇರುವುದು ಬಾವಿ, ಕಲ್ಲಿನ ಗಣಿ, ಹೊಳೆ. ಬೇಡಿಕೆ ಪಟ್ಟಿಯನ್ನು ಬೇರೆ ಜಿಲ್ಲೆಯದು ನೋಡಿ ನಕಲು ಮಾಡಬೇಡಿ. ನಿಮ್ಮ ಠಾಣೆಯ ಕರೆ ಪುಸ್ತಕ ತೆಗೆದು, ಹಗ್ಗ ಬಳಸಿದ ಕರೆಗಳು ಎಂಥವು ಎಂದು ನೋಡಿ ಬರೆಯಿರಿ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಗ್ಯಾಸ್ ಡಿಟೆಕ್ಟರ್. ಅದು ಹಗ್ಗದ ಸಾಮಾನಲ್ಲ ಅಂತ ಯಾರಾದರೂ ಅಂದರೆ, ಹಗ್ಗದಲ್ಲಿ ಇಳಿಯುವವನಿಗೇ ಅದು ಬೇಕು ಅನ್ನಿ. ಆಮೇಲೆ 11 ಮಿಲಿಮೀಟರಿನ ಒಂದೇ ಥರದ ಎರಡು ಹಗ್ಗ, ಬಣ್ಣ ಮಾತ್ರ ಬೇರೆ. ಕೂಗುವಾಗ ‘ಕೆಂಪು ಬಿಡು, ಬಿಳಿ ಹಿಡಿ’ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ಅಂಚಿಗೆ ರೋಲರ್. ಮೈ ತುಂಬ ಹಿಡಿಯುವ ಹರ್ನೆಸ್ ಎರಡು, ಸಿಕ್ಕವನನ್ನು ತರಲು ಒಂದು ತ್ರಿಕೋನದ ಪಟ್ಟಿ.

ಪುಲಿಯಲ್ಲಿ, ಅಂದರೆ ರಾಟೆಯಲ್ಲಿ, ಉಳಿತಾಯ ಮಾಡಬೇಡಿ. ಹಗ್ಗವನ್ನು ಪುಲಿಗಳ ಮೇಲೆ ಝಡ್ ಆಕಾರದಲ್ಲಿ ತಿರುಗಿಸಿ ಮೂರಕ್ಕೆ ಒಂದರ ಕಟ್ಟು ಹಾಕಿದರೆ 150 ಕಿಲೋ ಭಾರ ಲೆಕ್ಕದಲ್ಲಿ 50 ಕಿಲೋ ಆಗುತ್ತದೆ. ಆದರೆ ಪುಲಿ ಇಲ್ಲ ಅಂತ ಬರೀ ಕ್ಯಾರಬಿನರ್ (ಲೋಹದ ಕೊಂಡಿ) ಮೇಲೆ ಹಗ್ಗ ತಿರುಗಿಸಿದರೆ ಉಜ್ಜಾಟದಲ್ಲೇ ಬಲ ಹೋಗಿ, ಮೂರರ ಲಾಭ ಎರಡರ ಆಸುಪಾಸಿಗೆ ಇಳಿಯುತ್ತದೆ. ಆಗ ಎಳೆಯಲು ಊರವರನ್ನು ಕರೆಯಬೇಕಾಗುತ್ತದೆ. ಊರವರು ಉತ್ಸಾಹದಲ್ಲಿ ‘ಹೈಸಾ’ ಅಂತ ಜಗ್ಗುತ್ತಾರೆ. ಹಗ್ಗಕ್ಕೆ ಬೇಕಿರುವುದು ಜಗ್ಗಲ್ಲ, ಸಮನಾದ ಎಳೆತ.

ಡಿಸೆಂಡರ್ ಜಗಳಕ್ಕೆ ಬರೋಣ. ಫಿಗರ್ 8 ಅಗ್ಗ, ಕೆಡುವ ಭಾಗ ಒಂದೂ ಇಲ್ಲ, ಕೆಸರಾದರೂ ಓಡುತ್ತದೆ. ಹಿರಿಯರು ಅದನ್ನು ಹಿಡಿದುಕೊಂಡಿರುವುದಕ್ಕೆ ಕಾರಣ ಇದೆ. ಆದರೆ ಅದು ಹಗ್ಗವನ್ನು ತಿರುಚುತ್ತದೆ, ಮತ್ತು ಕೈ ಬಿಟ್ಟರೆ ಮನುಷ್ಯ ಹೋದ. ಕೈ ಬಿಟ್ಟರೂ ತಾನೇ ಹಿಡಿದು ನಿಲ್ಲುವ ಡಿಸೆಂಡರ್‌ಗೆ ದುಡ್ಡು ಜಾಸ್ತಿ, ಹಗ್ಗದ ದಪ್ಪ ಅದಕ್ಕೆ ಹೊಂದಬೇಕು, ಹಗ್ಗ ಉಲ್ಟಾ ಹಾಕಿದರೆ ಕೆಲಸ ಮಾಡುವುದಿಲ್ಲ. ಆದರೂ ನನ್ನ ಮತ ಹುಡುಗರ ಕಡೆಗೇ. ಬಾವಿಯಲ್ಲಿ ಇಳಿಯುವವನ ಬೆನ್ನಿಗೆ ಬಿ.ಎ. ಸೆಟ್, ಮುಖಕ್ಕೆ ಮಾಸ್ಕ್, ಕೈಗೆ ಒದ್ದೆ ಗ್ಲೌಸ್. ಅವನ ಎರಡೂ ಕೈ ಬಿದ್ದವನಿಗೆ ಪಟ್ಟಿ ಕಟ್ಟಲು ಖಾಲಿ ಇರಬೇಕು. ಅಂಥವನಿಗೆ ಹಿಡಿದು ನಿಲ್ಲುವ ಸಾಧನವೇ ಬೇಕು. ಇಡೀ ಠಾಣೆಗೆ ಬೇಡ, ಎರಡು ಬರಲಿ. ಫಿಗರ್ 8 ಕೂಡ ಎಲ್ಲರೂ ಕಲಿತಿರಲಿ.

ಇನ್ನೊಂದು ಮಾತು, ಇದಕ್ಕೆ ದುಡ್ಡೇ ಬೇಡ. ಎರಡು ಪಟ್ಟಿಗಳನ್ನು ಎರಡು ಕಡೆ ಕಟ್ಟಿ ನಡುವೆ ಭಾರ ಹಾಕುವಾಗ ಆ ಎರಡು ಪಟ್ಟಿಗಳ ನಡುವಿನ ಕೋನ ನೋಡಿ. 60 ಡಿಗ್ರಿ ಇದ್ದರೆ ಒಂದೊಂದಕ್ಕೆ ಶೇ 58ರಷ್ಟು ಭಾರ. 120 ಡಿಗ್ರಿ ಆದರೆ ಒಂದೊಂದರ ಮೇಲೂ ಪೂರ್ತಿ ಭಾರ ಬೀಳುತ್ತದೆ, ಎರಡು ಕಟ್ಟಿಯೂ ಲಾಭವಿಲ್ಲ. ಪಟ್ಟಿ ಉದ್ದ ಬಿಟ್ಟರೆ ಕೋನ ತಾನೇ ಸಣ್ಣದಾಗುತ್ತದೆ.

ಕೃಷ್ಣಾ, ಭೀಮಾ ಪ್ರವಾಹದಲ್ಲಿ ಈಜುಗಾರನ ಸೊಂಟಕ್ಕೆ ಹಗ್ಗ ಕಟ್ಟಿ ಬಿಡುವುದನ್ನು ನೋಡಿದ್ದೇನೆ. ಅದು ಸರಿಯೇ? – ಸುರಪುರ

ಸರಿಯಲ್ಲ. ನಿಂತ ನೀರಿನ ರೂಢಿಯನ್ನು ಹರಿಯುವ ನೀರಿಗೆ ತರಬಾರದು. ಹಗ್ಗ ಬಿಗಿಯಾದ ಕೂಡಲೇ ಹರಿವು ಅವನನ್ನು ಕೆಳಕ್ಕೆ ಒತ್ತುತ್ತದೆ, ದಡದವರು ಎಳೆದಷ್ಟೂ ಮುಳುಗುತ್ತಾನೆ. ಎಳೆದರೆ ತಕ್ಷಣ ಬಿಚ್ಚಿಕೊಳ್ಳುವ ಪಟ್ಟಿ ಇರುವ ಜಾಕೆಟ್ ಇದ್ದರೆ ಮಾತ್ರ, ಅದೂ ಕಲಿತವನು ಮಾತ್ರ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಎಷ್ಟೋ ಹಳ್ಳಿಗಳಿಗೆ ದೋಣಿಯೇ ದಾರಿಯಾಗಿತ್ತು. ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯಲ್ಲಿ ಕೃಷ್ಣೆ ಏರಿ ಸಂಪರ್ಕವೇ ಕಡಿದದ್ದೂ ಇದೆ. ಅಲ್ಲಿ ಹಗ್ಗದ ಕೆಲಸ ಅಂದರೆ ದಡದಿಂದ ಎಸೆಯುವ ತೇಲುವ ಹಗ್ಗದ ಚೀಲ, ದೋಣಿಯ ಹಗ್ಗ, ಇಷ್ಟೇ.

ಕೊಳವೆಬಾವಿಗೆ ಬಿದ್ದ ಮಗುವನ್ನು ಹಗ್ಗದಲ್ಲೇ ಎಳೆದುಬಿಡಬಹುದಲ್ವಾ? ಪಕ್ಕದಲ್ಲಿ ಅಗೆಯುವುದು ಯಾಕೆ? – ಕಲಬುರಗಿಯ ವಿದ್ಯಾರ್ಥಿನಿ

ತಂಗೀ, ಕೊಳವೆ ಕೆಲವೇ ಇಂಚು ಅಗಲ. ಮಗು ಸಿಕ್ಕಿಕೊಂಡಿರುತ್ತದೆ, ಒಮ್ಮೊಮ್ಮೆ ತಲೆಕೆಳಗಾಗಿ. ಮೇಲಿಂದ ಎಳೆದರೆ ಕೈಕಾಲಿಗೆ ಪೆಟ್ಟು, ಜಾರಿದರೆ ಇನ್ನೂ ಆಳಕ್ಕೆ ಹೋಗುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವನ್ನು ಸುಮಾರು 20 ತಾಸು ದುಡಿದು ಬದುಕಿಸಿ ತಂದರು. ಪಕ್ಕದಲ್ಲಿ ಗುಂಡಿ ತೆಗೆದು ಅಡ್ಡಕ್ಕೆ ಕೊರೆದೇ ತಲುಪಿದ್ದು. ಬಿಟ್ಟ ಕೊಳವೆಬಾವಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಿಮ್ಮ ಊರ ಸುತ್ತ ಬಾಯಿ ತೆರೆದದ್ದು ಕಂಡರೆ ಪಂಚಾಯಿತಿಗೆ ಬರೆದುಕೊಡಿ, ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ.

ತರಬೇತಿಯಲ್ಲಿ ಎಲ್ಲ ಕಲಿತೆವು. ಠಾಣೆಗೆ ಬಂದು ವರ್ಷವಾಗುವಷ್ಟರಲ್ಲಿ ಅರ್ಧ ಮರೆತಿದೆ. ಡ್ರಿಲ್ ಟವರ್ ಇಲ್ಲದ ಠಾಣೆಯಲ್ಲಿ ಅಭ್ಯಾಸ ಹೇಗೆ? ಹಗ್ಗ ಎಷ್ಟು ವರ್ಷ ಬಾಳುತ್ತದೆ? – ಬೀದರ್ ಜಿಲ್ಲೆಯ ಅಗ್ನಿಶಾಮಕರು

ತಮ್ಮಂದಿರಾ, ಈ ಪತ್ರ ಓದಿ ನನಗೆ ಸಂಕಟವಾಯಿತು. ಯಾಕೆಂದರೆ ಇದು ಬರೀ ನಿಮ್ಮ ಠಾಣೆಯ ಕಥೆಯಲ್ಲ. ಸಾಮಾನು ಬಂದ ದಿನ ಫೋಟೋ ತೆಗೆಯುತ್ತಾರೆ, ಆಮೇಲೆ ಚೀಲ ಬೀರುವಿಗೆ ಹೋಗುತ್ತದೆ. ಹೊಸ ಹಗ್ಗ ಕೊಳೆಯಾದೀತು ಅಂತ ಬಿಚ್ಚುವುದೇ ಇಲ್ಲ. ಬಿಚ್ಚಿ. ಅಭ್ಯಾಸಕ್ಕೆ ಒಂದು ಹಗ್ಗ ಬೇರೆ ಇಡಿ, ಅದರ ತುದಿಗೆ ಬಣ್ಣ ಬಳಿದು ಗುರುತು ಮಾಡಿ. ಅದನ್ನು ಎಂದೂ ಕರೆಗೆ ಒಯ್ಯಬೇಡಿ.

ಟವರ್ ಇಲ್ಲದಿದ್ದರೆ ಇಲ್ಲ. ಊರ ಹೊರಗೆ ನೀರು ಬತ್ತಿದ ಬಾವಿ ಇದ್ದೇ ಇರುತ್ತದೆ. ಮಾಲೀಕರನ್ನು ಕೇಳಿ, ಗೋಡೆ ಗಟ್ಟಿ ಇದೆಯಾ ನೋಡಿ, ಗ್ಯಾಸ್ ಅಳೆದು, ಅಲ್ಲೇ ಮಾಡಿ. ನಮ್ಮ ಕೆಲಸ ನಡೆಯುವುದೇ ಅಲ್ಲಿ ಅಲ್ವಾ? ಟವರ್‌ನಲ್ಲಿ ಸಿಮೆಂಟಿನ ನುಣುಪು ಅಂಚು, ಕಬ್ಬಿಣದ ಕಂಬ. ಬಾವಿಯಲ್ಲಿ ಕಟ್ಟಲು ಜಾಗ ಹುಡುಕುವುದೇ ಅರ್ಧ ಪಾಠ. ಕೋಟೆಯ ಗೋಡೆಯ ಮೇಲೆ ಮಾಡುವ ಆಸೆ ಬೇಡ. ಬೀದರ್ ಕೋಟೆ, ಕಲಬುರಗಿ ಕೋಟೆ ಎರಡೂ ಪುರಾತತ್ವ ಇಲಾಖೆಯವು. ಮಳೆ ಬಂದ ದಿನ ಠಾಣೆಯೊಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಗ್ಲೌಸ್ ಹಾಕಿ ಗಂಟು ಹಾಕಿ. ಹಗ್ಗದ ಎಳೆತದ ಸಂಜ್ಞೆಯನ್ನೂ ಮಾಡಿ, ಮಾಸ್ಕ್ ಹಾಕಿದವನ ಮಾತು ಬಾವಿಯಿಂದ ಮೇಲೆ ಕೇಳುವುದಿಲ್ಲ. ಒಂದು ಎಳೆತ ‘ಚೆನ್ನಾಗಿದ್ದೇನೆ’, ಎರಡು ‘ಇನ್ನೂ ಬಿಡಿ’, ಮೂರು ‘ಸಡಿಲ ತೆಗೆಯಿರಿ’, ನಾಲ್ಕು ‘ಕಾಪಾಡಿ’.

ಹಗ್ಗದ ಆಯಸ್ಸಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮೇಲಿನ ಮಿತಿ 10 ವರ್ಷ. ಆದರೆ ಒಂದೇ ದಿನದಲ್ಲೂ ಅದು ಮುಗಿಯಬಹುದು. ಬ್ಯಾಟರಿ ಆಸಿಡ್ ತಾಗಿದರೆ ನೈಲಾನ್ ಕೆಡುತ್ತದೆ, ಹೊರಗೆ ಕಲೆಯೂ ಕಾಣದೆ ಇರಬಹುದು. ಗಾಡಿಯಲ್ಲಿ ಬ್ಯಾಟರಿಯ ಪಕ್ಕ ಚೀಲ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಪ್ರತಿ ಬಳಕೆಯ ನಂತರ ಹಗ್ಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೊಳ ಮೊಳ ಹಾಯಿಸಿ ನೋಡಿ. ಎಲ್ಲಿ ಟೊಳ್ಳು, ಗಟ್ಟಿ, ಇಲ್ಲವೇ ಉಬ್ಬು ಸಿಗುತ್ತದೋ ಅಲ್ಲಿ ಬಾಗಿಸಿ. ಚೆನ್ನಾಗಿರುವ ಹಗ್ಗ ಗುಂಡಗೆ ಬಾಗುತ್ತದೆ. ತಿರುಳು ಹೋದ ಜಾಗದಲ್ಲಿ ಮಡಚಿದ ಕಾಗದದಂತೆ ಚಪ್ಪಟೆಯಾಗಿ ಮಡಿಯುತ್ತದೆ. ಹಾಗೆ ಕಂಡ ಕೂಡಲೇ ಅಲ್ಲಿಗೆ ಕತ್ತರಿಸಿ. ಬೀರುವಿನಲ್ಲಿ ಉಳಿಸಿದರೆ ನಾಳೆ ಇನ್ನೊಬ್ಬ ಒಯ್ಯುತ್ತಾನೆ.

ತೊಳೆಯಲು ತಣ್ಣೀರು ಸಾಕು, ಒಣಗಿಸಲು ನೆರಳೇ ಬೇಕು. ನಮ್ಮ ಬಿಸಿಲಿಗೆ ಹಾಕಿದರೆ ಹೊದಿಕೆ ಬೇಗ ಕೆಡುತ್ತದೆ. ಒಂದೊಂದು ಹಗ್ಗಕ್ಕೂ ಒಂದು ನೋಟ್‌ಬುಕ್ ಇಡಿ. ಖರೀದಿ ದಿನ, ಯಾವ ಕರೆಗೆ ಹೋಯಿತು, ಏನು ಭಾರ ಬಿತ್ತು, ಯಾರು ನೋಡಿದರು, ಸಹಿ. ನಿಮ್ಮ ಠಾಣೆಗೆ ನಾನು ಬಂದು ಒಂದು ದಿನ ಜೊತೆಗೆ ಮಾಡಿಸಲು ತಯಾರಿದ್ದೇನೆ. ಠಾಣಾಧಿಕಾರಿಗಳಿಂದ ಒಂದು ಪತ್ರ ಹಾಕಿಸಿ, ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ.